ತಂತಿಯನ್ನರಸಿ ಮೈಸೂರಿಗೆ

ಮನೆಯಲ್ಲಿ ಸಂಗೀತ ಕಲಿಯುವ ಮಗುವೊಂದಿದ್ದರೆ, ಆ ಮನೆಯ ಹಿರಿಯರು ತಾವು ಬಯಸದಿದ್ದ ಎಷ್ಟೋ ವಿದ್ಯೆಗಳನ್ನು ಕಲಿಯಬೇಕಾಗುತ್ತದೆ. ಅರುವತ್ತೆಂಟು ವರ್ಷಗಳವರೆಗೆ ನನಗೆ ತಿಳಿದಿದ್ದ ತಂತಿಗಳು ಎರಡೇ: ಒಂದು ಬಟ್ಟೆ ಒಣಗಹಾಕುವ ತಂತಿ, ಇನ್ನೊಂದು ಅಂಚೆಯ ಮನೆಯಿಂದ ಬರುತ್ತಿದ್ದು 2013ರಲ್ಲಿ ನಿಂತುಹೋದ ತಂತಿ. ಅಂಥ ನಾನು ಕಳೆದ ಮಾಘಮಾಸದಲ್ಲಿ ಪಿಟೀಲಿನ ತಂತಿಯನ್ನು ಹುಡುಕಿಕೊಂಡು ಬೆಂಗಳೂರಿನಿಂದ ಮೈಸೂರಿಗೆ ಹೋಗಬೇಕಾಗಿ ಬಂದಿತು. ಆ ಪ್ರಯಾಣದ ವೃತ್ತಾಂತವನ್ನು ಇಲ್ಲಿ ಬರೆದಿರುವುದು, ನನ್ನಂತೆಯೇ ಏನೂ ತಿಳಿಯದೆ ಅಂಗಡಿಯ ಮೆಟ್ಟಿಲು ಹತ್ತುವ ಗೃಹಸ್ಥರಿಗೆ ಸ್ವಲ್ಪವಾದರೂ ಉಪಯೋಗವಾದೀತೆಂಬ ಆಸೆಯಿಂದ.

ನನ್ನ ಮೊಮ್ಮಗಳಿಗೆ ಈಗ ಹನ್ನೆರಡು ವರ್ಷ. ಎರಡು ವರ್ಷಗಳಿಂದ ನಮ್ಮ ಬಡಾವಣೆಯ ಉಪಾಧ್ಯಾಯರೊಬ್ಬರಲ್ಲಿ ಪಿಟೀಲು ಕಲಿಯುತ್ತಿದ್ದಾಳೆ. ಸರಳೆ, ಜಂಟಿವರಸೆ, ಅಲಂಕಾರಗಳು ಮುಗಿದು ಗೀತಗಳಿಗೆ ಬರುವಷ್ಟರಲ್ಲಿ ಆಕೆಯ ವಾದನದಲ್ಲಿ ಅಪಶ್ರುತಿ ಕಾಣಿಸಿಕೊಂಡಿತು. ಮೊದಮೊದಲು ಬಯ್ದು ತಿದ್ದುತ್ತಿದ್ದ ಉಪಾಧ್ಯಾಯರು ಕಡೆಗೊಂದು ದಿನ, "ಮಗುವಿಗೆ ಶ್ರುತಿಜ್ಞಾನ ಸಾಲದೆಂದು ಕಾಣುತ್ತದೆ, ಬೇರೆ ಏನಾದರೂ ಕಲಿಸಬಹುದು" ಎಂದು ಮೃದುವಾಗಿಯೇ ಹೇಳಿ ಕಳುಹಿಸಿದರು. ಅಂದಿನಿಂದ ಹುಡುಗಿ ಪೆಟ್ಟಿಗೆಯನ್ನು ತೆರೆಯುವುದನ್ನೇ ಬಿಟ್ಟಳು. ಕೇಳಿದರೆ, "ನನಗೆ ಬರುವುದಿಲ್ಲವಂತೆ ತಾತ" ಎಂದಷ್ಟೇ ಹೇಳಿ ಮುಖ ತಿರುಗಿಸುವಳು.

ಆದರೆ ನನ್ನ ಮನೆಯವರು ಈ ತೀರ್ಪನ್ನು ಒಪ್ಪಲಿಲ್ಲ. "ಸಂಜೆ ದೀಪ ಹಚ್ಚಿದಾಗ ಅವಳು ದೇವರನಾಮ ಹೇಳುವುದನ್ನು ನೀವು ಕೇಳಿಲ್ಲವೆ? ಒಂದು ಕೂದಲಿನಷ್ಟೂ ಶ್ರುತಿ ತಪ್ಪುವುದಿಲ್ಲ. ಕೊರಳಲ್ಲಿರುವ ಶ್ರುತಿ ಕೈಗೆ ಬರುವಾಗ ಎಲ್ಲಿ ಕಳೆದುಹೋಯಿತು? ಮೈಸೂರಿನ ವಿದ್ವಾಂಸರಿಗೆ ಒಂದು ಸಲ ತೋರಿಸಿಕೊಂಡು ಬನ್ನಿ" ಎಂದರು.

ಇಷ್ಟಕ್ಕೆ ಮುಂಚೆ ನಾನೂ ಸುಮ್ಮನೆ ಕುಳಿತಿರಲಿಲ್ಲ. ಆರು ತಿಂಗಳ ಹಿಂದೆ, ತಂತಿ ಹಳೆಯದಾಯಿತೆಂದು ಒಬ್ಬರು ಹೇಳಿದ್ದರಿಂದ ಒಂದು ಅಂಗಡಿಗೆ ಹೋಗಿದ್ದೆನು. ಅಲ್ಲಿಯ ಯುವಕನು ಮೊದಲು ತೋರಿಸಿದ ಜೊತೆಯ ಬೆಲೆ ಹಲವು ಸಾವಿರ ರೂಪಾಯಿ. ನಾಲ್ಕು ಎಳೆ ತಂತಿಗೆ ಇಷ್ಟೇ ಎಂದು ಬೆಚ್ಚಿ, ನೂರರ ಲೆಕ್ಕದಲ್ಲಿ ಸಿಗುವ ಜೊತೆಯೊಂದನ್ನು ಕೊಂಡುತಂದೆನು. ಅಗ್ಗವಾಯಿತೆಂದು ಆ ದಿನ ನನಗೆ ಹೆಮ್ಮೆಯೇ ಆಗಿತ್ತು.

ಹೀಗೆ ಒಂದು ಶನಿವಾರ ಬೆಳಗ್ಗೆ ಪಿಟೀಲಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡ ಮೊಮ್ಮಗಳೊಡನೆ ರೈಲನ್ನೇರಿದೆನು. ಬಿಡದಿ ಕಳೆದ ಮೇಲೆ ರಾಮನಗರದ ಹೆಬ್ಬಂಡೆಗಳು ಎಡಬಲಗಳಲ್ಲಿ ಎದ್ದು ನಿಲ್ಲುತ್ತವೆ. ರೇಷ್ಮೆಗೂಡಿನ ಮಾರುಕಟ್ಟೆಯಿಂದ ಹೆಸರಾದ ಊರದು. ಅಲ್ಲಿಂದ ಮುಂದೆ ಚನ್ನಪಟ್ಟಣ. ಬೆಂಗಳೂರಿಗೆ ಸುಮಾರು 60 ಕಿಲೋಮೀಟರು. ಅಲ್ಲಿ ಇಳಿದು ಒಂದೆರಡು ಗಂಟೆ ನಿಂತು ಮುಂದಿನ ಬಂಡಿಗೆ ಹೋಗೋಣವೆಂದು ಮೊದಲೇ ನಿಶ್ಚಯಿಸಿದ್ದೆನು. ಹುಡುಗಿಗೆ ಬೊಂಬೆಯ ಆಸೆಯಿದ್ದಿತು. ನನಗೆ ತಂತಿಯ ಆಸೆ.

ಚನ್ನಪಟ್ಟಣಕ್ಕೂ ತಂತಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಇಂದು ಆ ಊರಿನ ಹೆಸರೆತ್ತಿದರೆ ಅರಗಿನ ಬಣ್ಣದ ಬೊಂಬೆಗಳೇ ಎಲ್ಲರ ಕಣ್ಣಮುಂದೆ ಬರುವುವು. ಆದರೆ ಹಿಂದೆ ಆ ಊರು ಇನ್ನೊಂದು ಕಸುಬಿಗೂ ಪ್ರಸಿದ್ಧವಾಗಿದ್ದಿತು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ನೋಡಿದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಗ್ರಂಥದಲ್ಲಿ ಚನ್ನಪಟ್ಟಣದ ಉಕ್ಕಿನ ತಂತಿಯ ವಿಚಾರವನ್ನು ಬರೆದಿದ್ದಾನೆ. ವಾದ್ಯಗಳಿಗೆ ಕಟ್ಟುವ ಈ ತಂತಿ ಇಲ್ಲಿಂದ ದೂರದೂರದ ಸೀಮೆಗಳಿಗೆ ಹೋಗುತ್ತಿದ್ದಿತು. ಆಮೇಲೆ ರೈಸ್ ಸಾಹೇಬರು ಬರೆದ ಮೈಸೂರು ಗೆಝೆಟಿಯರಿನಲ್ಲಿಯೂ, ಇಲ್ಲಿಯ ಶುಕ್ರವಾರಪೇಟೆಯ ಕಸುಬುದಾರರು ಅರಗಿನ ಸಾಮಾನು, ಗಾಜಿನ ಬಳೆ, ವಾದ್ಯಗಳ ನಯವಾದ ಉಕ್ಕಿನ ತಂತಿ ಇವುಗಳಿಗೆ ಹೆಸರಾದವರೆಂದು ಹೇಳಿದೆ. ಅಕ್ಕಸಾಲಿಗನು ಚಿನ್ನದ ಕಡ್ಡಿಯನ್ನು ಸಣ್ಣಸಣ್ಣ ತೂತುಗಳ ಮೂಲಕ ಎಳೆಯೆಳೆದು ಎಳೆ ಮಾಡುವಂತೆ ಉಕ್ಕನ್ನು ಎಳೆಯುವುದೇ ಈ ಕಸುಬು. ಆ ತೂತು ಎಲ್ಲಿಯೂ ಸವೆದಿರಬಾರದು. ಎಳೆಯ ಮೈ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನಾಗಿರಬೇಕು. ಎಲ್ಲಿಯೋ ಒಂದೆಡೆ ದಪ್ಪ, ಒಂದೆಡೆ ಸಣ್ಣವಾದರೆ ಆ ತಂತಿಯಲ್ಲಿ ಶುದ್ಧವಾದ ಸ್ವರ ಹುಟ್ಟುವುದಿಲ್ಲ.

ಪೇಟೆಯಲ್ಲಿ ವಿಚಾರಿಸುತ್ತ ಹೋದೆವು. ಆಲೆಮರದ ಕಡ್ಡಿಯನ್ನು ಚರಕಿಗೆ ಕಟ್ಟಿ, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಬಣ್ಣವೇರಿಸುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆನು. "ತಂತಿಯೆ? ನಮ್ಮ ಅಜ್ಜ ಹೇಳುತ್ತಿದ್ದರು ಸ್ವಾಮಿ. ನಾನು ಕಂಡಿಲ್ಲ" ಎಂದರು. ನಾವು ಕೇಳಿದ ಬೇರೆಯವರಿಗೆ ಅಷ್ಟೂ ತಿಳಿಯದು. ಮೊಮ್ಮಗಳು ಒಂದು ಬುಗುರಿಯನ್ನು ಕೊಂಡಳು. ಅದನ್ನು ಅಂಗೈಯಲ್ಲಿ ತಿರುಗಿಸುತ್ತ, "ಇದು ಅಲುಗಾಡದೆ ನಿಲ್ಲುತ್ತದೆ ತಾತ, ಎಲ್ಲ ಕಡೆಯೂ ಸಮವಾಗಿದೆ" ಎಂದಳು. ತಂತಿಯ ಗುಣವೂ ಅದೇ ಎಂಬುದು ನಮಗೆ ತಿಳಿದುದು ಮೈಸೂರಿನಲ್ಲಿ.

ಮಧ್ಯಾಹ್ನದ ಬಂಡಿಯಲ್ಲಿ ಹೊರಟು ಮದ್ದೂರು, ಮಂಡ್ಯಗಳನ್ನು ದಾಟಿ, ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕೈಮುಗಿದು, ಇಳಿಹೊತ್ತಿಗೆ ಮೈಸೂರು ಸೇರಿದೆವು. ದೇವರಾಜ ಮಾರುಕಟ್ಟೆಯ ಮಲ್ಲಿಗೆಯ ಕಂಪು ಸಯ್ಯಾಜಿರಾವ್ ರಸ್ತೆಯವರೆಗೂ ಬರುತ್ತಿತ್ತು. ಅಗ್ರಹಾರದ ಒಂದು ಹಳೆಯ ಮನೆಯಲ್ಲಿ ನಾವು ಕಾಣಬೇಕಾಗಿದ್ದ ವಿದ್ವಾಂಸರು ಜಗಲಿಯ ಮೇಲೆಯೇ ಕುಳಿತಿದ್ದರು. ಎಂಬತ್ತು ದಾಟಿದವರು; ನನ್ನ ಬಾಲ್ಯಸ್ನೇಹಿತನ ಅಣ್ಣಂದಿರು. ಕಾಫಿಯಾದ ಮೇಲೆ ನಾನು ಬಂದ ಕಾರಣವನ್ನು ಅರುಹಿದೆನು.

ಅವರು ಪಿಟೀಲನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಮೊದಲು, "ಮಗೂ, ಒಂದು ದೇವರನಾಮ ಹೇಳು" ಎಂದರು. ಆಕೆ ಅಂಜುತ್ತಲೇ ಹೇಳಿದಳು. ಮುಗಿದೊಡನೆ ಅವರು ಶ್ರುತಿಪೆಟ್ಟಿಗೆಯನ್ನು ತಿರುಗಿಸಿ ನೋಡಿ, "ಐದು ಮನೆ. ಕಂಠಕ್ಕೆ ಹೊಂದಿದ ಶ್ರುತಿ. ಜ್ಞಾನಕ್ಕೇನೂ ಕೊರತೆಯಿಲ್ಲ ರಾಯರೆ" ಎಂದರು. ಆಮೇಲೆ ಪಿಟೀಲನ್ನು ಮೀಟಿ, "ಇದನ್ನು ಎರಡು ಮನೆಗೆ ಇಳಿಸಿ ಕಟ್ಟಿದವರು ಯಾರು?" ಎಂದು ಕೇಳಿದರು. ಉಪಾಧ್ಯಾಯರ ಕಂಠ ಎರಡು ಮನೆಯದು. ಅವರ ಪಿಟೀಲೂ ಅದೇ ಶ್ರುತಿಯಲ್ಲಿರುವುದು. ಶಿಷ್ಯೆಯದನ್ನೂ ಅದಕ್ಕೆ ಸರಿಯಾಗಿ ಕೂಡಿಸಿದ್ದರು.

"ಇಲ್ಲಿಯೇ ಇದೆ ನಿಮ್ಮ ಅಪಶ್ರುತಿಯ ಮೂಲ" ಎಂದು ಆ ಹಿರಿಯರು ವಿವರಿಸತೊಡಗಿದರು. ಅವರು ಹೇಳಿದುದರ ಸಾರಾಂಶವಿದು.

ಪಿಟೀಲು ಫರಂಗಿಯವರಿಂದ ಬಂದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು (1786–1859) ಮದರಾಸಿನ ಬಳಿಯ ಮಣಲಿಯಲ್ಲಿ ಇದನ್ನು ಕಲಿತು ನಮ್ಮ ಸಂಗೀತಕ್ಕೆ ಅಳವಡಿಸಿದರು. ವಾದ್ಯವೇನೋ ನಮ್ಮದಾಯಿತು; ಆದರೆ ತಂತಿಗಳನ್ನು ಮಾಡುವವರು ಇಂದಿಗೂ ಫರಂಗಿಯವರ ಸ್ವರಗಳನ್ನೇ ಲೆಕ್ಕವಿಟ್ಟು ಮಾಡುವರು. ದಪ್ಪನೆಯದರಿಂದ ಸಣ್ಣದರವರೆಗೆ ಆ ನಾಲ್ಕು ಸ್ವರಗಳು ಜಿ, ಡಿ, ಎ, ಇ. ನಾವಾದರೋ ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮಗಳಿಗೆ ಕೂಡಿಸುತ್ತೇವೆ. ಷಡ್ಜವನ್ನು ಐದು ಮನೆಯಲ್ಲಿ, ಎಂದರೆ ಜಿ ಸ್ವರದಲ್ಲಿ ಇಟ್ಟರೆ ದಪ್ಪನೆಯ ಎರಡು ತಂತಿಗಳು ತಮಗೆ ಗೊತ್ತುಮಾಡಿದ ಸ್ವರದಲ್ಲಿಯೇ ನಿಲ್ಲುವುವು. ಸಣ್ಣವೆರಡು ಒಂದು ಮನೆಯಷ್ಟು ಮಾತ್ರ ಇಳಿಯುವುವು. ಎರಡು ಮನೆಗೆ ಇಳಿಸಿದರೆ ನಾಲ್ಕೂ ತಂತಿಗಳು ಬಹಳ ಸಡಿಲವಾಗುವುವು.

ಎಷ್ಟು ಸಡಿಲ? ಇದಕ್ಕೊಂದು ಗಣಿತವುಂಟು. ಒಂದೇ ತಂತಿಯಲ್ಲಿ ಸ್ವರವು ಇಮ್ಮಡಿ ಏರಬೇಕಾದರೆ ಬಿಗಿಯು ನಾಲ್ಮಡಿಯಾಗಬೇಕು. ಈ ಲೆಕ್ಕದಂತೆ ಐದು ಮನೆಯಲ್ಲಿ ಸಣ್ಣ ತಂತಿಗಳ ಬಿಗಿ ನೂರಕ್ಕೆ ಸುಮಾರು 79ರಷ್ಟು ಉಳಿಯುವುದು. ಎರಡು ಮನೆಯಲ್ಲಿ ಸುಮಾರು 44 ಮಾತ್ರ. ದಪ್ಪ ತಂತಿಗಳದು ಸುಮಾರು 56. ಅರ್ಧಕ್ಕಿಂತ ಕಡಿಮೆ ಬಿಗಿಯುಳ್ಳ ತಂತಿಯ ಮೇಲೆ ಕಮಾನನ್ನು ಸ್ವಲ್ಪ ಒತ್ತಿದರೂ ಸ್ವರ ಓಲಾಡುವುದು. ಬೆರಳು ಸರಿಯಾದ ಸ್ಥಾನದಲ್ಲಿದ್ದರೂ ಕಿವಿಗೆ ತಪ್ಪಾಗಿ ಕೇಳಿಸುವುದು. ನುರಿತ ವಿದ್ವಾಂಸನು ಕೈಯನ್ನು ಹದಮಾಡಿಕೊಂಡು ಅದನ್ನು ಮರೆಸಬಲ್ಲನು. ಎರಡು ವರ್ಷದ ವಿದ್ಯಾರ್ಥಿಯ ಕೈಯಲ್ಲಿ ಅದು ಸಾಧ್ಯವಲ್ಲ.

"ಹಾಗಾದರೆ ಗಂಡುಧ್ವನಿಗೆ ಪಕ್ಕವಾದ್ಯ ನುಡಿಸುವವರು ಏನು ಮಾಡುವರು?" ಎಂದು ಕೇಳಿದೆನು.

"ದಪ್ಪ ಎಳೆಯ ತಂತಿಯನ್ನು ಕೇಳಿ ತೆಗೆದುಕೊಳ್ಳುವರು. ಎಷ್ಟೋ ತಂತಿಗಳನ್ನು ಸಣ್ಣ, ಮಧ್ಯಮ, ದಪ್ಪವೆಂದು ಮೂರು ಬಗೆಯಾಗಿ ಮಾಡುತ್ತಾರೆ. ಈ ಮಗು ತನ್ನ ಕಂಠದ ಶ್ರುತಿಯಲ್ಲಿ ನುಡಿಸಿದರೆ ಆ ತೊಡಕೇ ಇಲ್ಲ" ಎನ್ನುತ್ತ ಅವರು ಒಂದೊಂದೇ ಬಿರಡೆಯನ್ನು ನಿಧಾನವಾಗಿ ಬಿಗಿದರು. ದಪ್ಪ ತಂತಿಗಳೆರಡೂ ಎಚ್ಚರಗೊಂಡಂತೆ ನುಡಿದುವು. ಸಣ್ಣವೆರಡು ಮಾತ್ರ ಸರಿಹೋಗಲಿಲ್ಲ. ಮೊದಲನೆಯದಕ್ಕೆ ಬೆವರು ತಾಕಿ ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಎರಡನೆಯದನ್ನು ಮೀಟಿ, "ಓರೆಯಾಗಿ ನೋಡಿ" ಎಂದರು. ನೆಟ್ಟಗಿರುವ ತಂತಿ ಕಂಪಿಸುವಾಗ ಅಂಚಿನ ಎರಡು ಗೆರೆಗಳು ಸ್ಪಷ್ಟವಾಗಿ ಕಾಣುವುವಂತೆ. ಇದರಲ್ಲಿ ಮೂರು ನಾಲ್ಕು ಗೆರೆಗಳು ಕಲಸಿಹೋದಂತೆ ಕಂಡವು. ಒಂದೇ ಬೆರಳನ್ನು ಅಕ್ಕಪಕ್ಕದ ಎರಡು ತಂತಿಗಳ ಮೇಲೆ ಅಡ್ಡಲಾಗಿಟ್ಟು ನುಡಿಸಿದರೆ ಅವು ಷಡ್ಜಪಂಚಮಗಳಂತೆ ಕೂಡಬೇಕು, ಇಲ್ಲಿ ಕೂಡಲಿಲ್ಲ. ನಾನು ಅಗ್ಗವೆಂದು ತಂದ ಜೊತೆಯಲ್ಲಿ ಈ ಎಳೆಯ ಮೈ ಸಮವಾಗಿರಲಿಲ್ಲ. ಮೊಮ್ಮಗಳು ನನ್ನನ್ನು ನೋಡಿ, "ಬುಗುರಿ" ಎಂದಳು. ಚನ್ನಪಟ್ಟಣದ ಹಳೆಯ ಕಸುಬುದಾರರು ತೂತನ್ನು ಕಾದುಕೊಂಡ ಕಾರಣ ಆಗ ನನಗೆ ಅರಿವಾಯಿತು.

ಮರುದಿನ ಬೆಳಗ್ಗೆ ವಿದ್ವಾಂಸರೇ ನಮ್ಮೊಡನೆ ಅಂಗಡಿಗೆ ಬಂದರು. ದಾರಿಯಲ್ಲಿ ತಂತಿಗಳ ಜಾತಿಯನ್ನು ವಿವರಿಸಿದರು. ಅವರ ಗುರುಗಳ ಕಾಲದಲ್ಲಿ ಕುರಿಯ ಕರುಳಿನಿಂದ ಮಾಡಿದ ತಂತಿಯಿದ್ದಿತು. ನಾದ ಬಹಳ ಮಧುರ. ಆದರೆ ಮಳೆಗಾಲದಲ್ಲಿ ತೇವ ಹೀರಿ ಶ್ರುತಿ ಜಾರುವುದು, ಬೇಗ ಕಿತ್ತುಹೋಗುವುದು. ಈಗ ವಿದ್ಯಾರ್ಥಿಗಳಿಗೆ ಎರಡು ಜಾತಿಗಳು ಸಾಕು. ಒಳಗೆ ಉಕ್ಕಿನ ಎಳೆಯಿರುವುದು ಒಂದು. ಅಮೆರಿಕದ ಡಿ'ಅಡಾರಿಯೊ ಪ್ರೆಲ್ಯೂಡ್, ಜರ್ಮನಿಯ ಪಿರಾಸ್ಟ್ರೋ ಕ್ರೋಮ್‌ಕೋರ್ ಈ ಬಗೆಯವು. ಹವೆಯ ಏರಿಳಿತಕ್ಕೆ ಇವು ಹೆಚ್ಚು ಅಂಜವು, ಬಹುಕಾಲ ಬಾಳುವುವು, ನಾದ ಸ್ವಲ್ಪ ಚುರುಕು. ಇನ್ನೊಂದು, ನೈಲಾನಿನಂಥ ಕೃತಕ ಎಳೆಯ ಮೇಲೆ ಲೋಹವನ್ನು ಸುತ್ತಿದುದು; ವಿಯೆನ್ನಾದ ಥೊಮಾಸ್ಟಿಕ್ ಡಾಮಿನಂಟ್, ಪಿರಾಸ್ಟ್ರೋ ಟೋನಿಕಾ ಈ ಬಗೆಯವು. ನಾದ ಕರುಳಿನ ತಂತಿಗೆ ಸಮೀಪ, ಬೆಲೆಯೂ ಹೆಚ್ಚು. "ಕಲಿಯುವ ಕೈಗೆ ಮೊದಲನೆಯ ಜಾತಿಯ ನಂಬಿಕೆಯ ತಂತಿ ಸಾಕು. ಕೃತಿಗಳು ಬಂದು ನಾದದ ರುಚಿ ಹತ್ತಿದ ಮೇಲೆ ಎರಡನೆಯದನ್ನು ಯೋಚಿಸಬಹುದು" ಎಂದರು.

ಅಂಗಡಿಯ ಯಜಮಾನರು ಕೇಳಿದ ಪ್ರಶ್ನೆಗಳೇ ನನಗೆ ಪಾಠವಾದುವು. ಪಿಟೀಲು ಪೂರ್ಣ ಅಳತೆಯದೋ, ಮುಕ್ಕಾಲೋ, ಅರ್ಧವೋ? ಪುಟ್ಟ ಪಿಟೀಲಿಗೆ ಪೂರ್ಣ ಅಳತೆಯ ತಂತಿ ಕಟ್ಟಿದರೆ ಅಲ್ಲಿಯೂ ಸಡಿಲತೆಯೇ ಉಂಟಾಗುವುದು. ಸಣ್ಣ ತಂತಿಯ ತುದಿಯಲ್ಲಿ ಗುಂಡು ಬೇಕೋ, ಕುಣಿಕೆ ಬೇಕೋ? ಇದು ಪಿಟೀಲಿನ ಹಿಂಬದಿಯಲ್ಲಿರುವ ಸಣ್ಣ ತಿರುಪಿನ ರೀತಿಯನ್ನು ಅವಲಂಬಿಸಿದೆ. ಯಾವ ಶ್ರುತಿ? ಜೊತೆ ಬೇಕೋ, ಬಿಡಿಯಾಗಿ ಬೇಕೋ? ಈ ಕೊನೆಯ ಪ್ರಶ್ನೆಯನ್ನು ಬೆಂಗಳೂರಿನ ಅಂಗಡಿಯಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಬಿಡಿಯಾಗಿ ಸಿಗುವುದೆಂಬುದೂ ನನಗೆ ತಿಳಿದಿರಲಿಲ್ಲ. ಉಕ್ಕಿನ ಎಳೆಯ ಒಂದನೆಯ ಮತ್ತು ಎರಡನೆಯ ತಂತಿಗಳನ್ನೂ, ಬೇಗ ಕಿತ್ತುಹೋಗುವ ಒಂದನೆಯದರಲ್ಲಿ ಇನ್ನೊಂದನ್ನು ಕಾಯ್ದಿರಿಸಲೆಂದೂ ಒಟ್ಟು ಮೂರು ತಂತಿ ಕೊಂಡೆವು. ಒಂದು ಜೊತೆಯ ಬೆಲೆಯೂ ಆಗಲಿಲ್ಲ.

ಮನೆಗೆ ಬಂದು ತಂತಿ ಕಟ್ಟುವಾಗ ಅವರು ಮೊಮ್ಮಗಳ ಕೈಯಿಂದಲೇ ಎಲ್ಲವನ್ನೂ ಮಾಡಿಸಿದರು. ನಾಲ್ಕು ತಂತಿಗಳನ್ನೂ ಒಟ್ಟಿಗೆ ಬಿಚ್ಚಬಾರದು. ಒಂದನ್ನು ಬಿಚ್ಚಿ ಕಟ್ಟಿದ ಮೇಲೆಯೇ ಇನ್ನೊಂದು. ಎಲ್ಲವನ್ನೂ ಬಿಚ್ಚಿದರೆ ಕುದುರೆ ಬೀಳುವುದು. ಹೊಟ್ಟೆಯೊಳಗೆ ಅಂಟಿಲ್ಲದೆ ನಿಂತಿರುವ ಸಣ್ಣ ಮರದ ಕಡ್ಡಿಯೂ ಬೀಳಬಹುದು. ಫ್ರೆಂಚರು ಆ ಕಡ್ಡಿಗೆ ವಾದ್ಯದ ಆತ್ಮವೆಂದೇ ಹೆಸರಿಟ್ಟಿದ್ದಾರೆ. ಅದನ್ನು ಮತ್ತೆ ನಿಲ್ಲಿಸುವುದು ಬಲ್ಲವರ ಕೆಲಸ. ತಂತಿ ಹಾಯುವ ಗೆರೆಗಳಲ್ಲಿ ಸೀಸದ ಕಡ್ಡಿಯಿಂದ ಸ್ವಲ್ಪ ಬರೆದರೆ ತಂತಿ ಸಲೀಸಾಗಿ ಜಾರುವುದು, ಸುತ್ತು ಸವೆಯದು. ಬಿಗಿಯುವಾಗ ಕುದುರೆ ಮುಂದಕ್ಕೆ ವಾಲದಂತೆ ನೋಡಿಕೊಳ್ಳಬೇಕು. ನುಡಿಸಿಯಾದ ಮೇಲೆ ದಿನವೂ ಒಣ ಅರಿವೆಯಿಂದ ರಾಳದ ಪುಡಿಯನ್ನೂ ಬೆವರನ್ನೂ ಒರಸಬೇಕು. "ಇದೊಂದು ಅಭ್ಯಾಸದಿಂದ ತಂತಿಯ ಆಯುಸ್ಸು ಎಷ್ಟೋ ಹೆಚ್ಚುವುದು, ಅರಿವೆಯ ಬೆಲೆಯೇನು, ಹಳೆಯ ಪಂಚೆಯ ತುಂಡು" ಎಂದು ನಕ್ಕರು. ಹಾಗೆಂದು ಕಿತ್ತುಹೋಗುವವರೆಗೆ ಕಾಯಲೂ ಬಾರದು. ದಿನವೂ ಅಭ್ಯಾಸ ಮಾಡುವವರು ವರ್ಷಕ್ಕೊಮ್ಮೆಯಾದರೂ ತಂತಿಗಳನ್ನು ಪರೀಕ್ಷಿಸಿ, ಸತ್ತುದನ್ನು ಬದಲಾಯಿಸಬೇಕು.

ಆ ಸಂಜೆ ಅವರು ನಮ್ಮನ್ನು ಬಿಡಾರಂ ಕೃಷ್ಣಪ್ಪನವರು (1866–1931) ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರಕ್ಕೆ ಕರೆದುಕೊಂಡು ಹೋದರು. ತಿರುಮಕೂಡಲು ನರಸೀಪುರದಲ್ಲಿ 1895ರಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರು ಕೃಷ್ಣಪ್ಪನವರ ಶಿಷ್ಯರು. ಧ್ವನಿವರ್ಧಕಗಳಿಲ್ಲದ ಆ ಕಾಲದಲ್ಲಿ, ದೊಡ್ಡ ಸಭೆಯ ಹಿಂದಿನ ಸಾಲಿಗೂ ಪಿಟೀಲು ಕೇಳಿಸಬೇಕೆಂದು ಚೌಡಯ್ಯನವರು ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ನುಡಿಸಿದರು. ಅವರ ನೆನಪಿಗಾಗಿಯೇ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೊಂದು ನಿಂತಿದೆ. ಮೊಮ್ಮಗಳು ಅದನ್ನು ನೋಡಿದ್ದಳು. ಏಳು ತಂತಿಗಳ ವಿಷಯ ಮಾತ್ರ ಆಕೆಗೆ ಹೊಸದು. "ಏಳನ್ನೂ ಶ್ರುತಿಗೆ ಕೂಡಿಸಬೇಕಾಗಿತ್ತೆ?" ಎಂದು ಕಣ್ಣರಳಿಸಿ ಕೇಳಿದಳು. "ನಿನಗೆ ನಾಲ್ಕೇ ಮಗೂ, ಬೇಸರಪಡಬೇಡ" ಎಂದರು ವಿದ್ವಾಂಸರು. ಎಷ್ಟೋ ದಿನಗಳ ಮೇಲೆ ಆ ಹುಡುಗಿ ಬಾಯಿತುಂಬ ನಕ್ಕುದನ್ನು ನಾನು ಕಂಡೆನು.

ಬೆಂಗಳೂರಿಗೆ ಹಿಂದಿರುಗಿದ ಮೇಲೆ ಒಂದು ಅಳುಕು ಉಳಿದಿದ್ದಿತು. ಉಪಾಧ್ಯಾಯರಿಗೆ ಇದನ್ನು ಹೇಗೆ ಹೇಳುವುದು? ಕಲಿಸಿದ ಗುರುವಿನ ಮನಸ್ಸು ನೋಯಬಾರದು. ನಾನೇ ಹೋಗಿ, "ಕಂಠಕ್ಕೆ ಹೊಂದುವಂತೆ ಐದು ಮನೆಗೆ ಕಟ್ಟಿಸಿಕೊಂಡು ಬಂದಿದ್ದೇವೆ, ಒಂದು ಸಲ ಕೇಳಿ ನೋಡಬೇಕು" ಎಂದಷ್ಟೇ ವಿನಂತಿಸಿದೆನು. ಮಗು ಮಾಯಾಮಾಳವಗೌಳದ ಸರಳೆಯನ್ನು ನುಡಿಸಿತು. ಅವರು ಕಣ್ಣು ಮುಚ್ಚಿ ಕೇಳಿದರು, ಇನ್ನೊಮ್ಮೆ ನುಡಿಸೆಂದರು. ಆಮೇಲೆ ಎದ್ದು ಹೋಗಿ ಒಳಗಿನಿಂದ ತಮ್ಮ ಇನ್ನೊಂದು ಪಿಟೀಲನ್ನು ತಂದು, ಅದರ ಬಿರಡೆಗಳನ್ನು ತಿರುಗಿಸಿ, ಆಕೆಯ ಷಡ್ಜಕ್ಕೆ ತಮ್ಮದನ್ನು ಕೂಡಿಸಿಕೊಂಡರು. "ಇನ್ನು ಮೇಲೆ ಇವಳ ಪಾಠಕ್ಕೆ ಇದು" ಎಂದರು. ಅಂಥ ಗುರುವನ್ನು ಬಿಟ್ಟು ನಾವು ಬೇರೆ ಕಡೆಗೆ ಹೋಗಲಿಲ್ಲ.

ಈಗ ಬೆಳಗಿನ ಹೊತ್ತು ನಮ್ಮ ಮನೆಯಲ್ಲಿ ಗೀತಗಳು ಕೇಳಿಬರುತ್ತಿವೆ. ತಪ್ಪುಗಳಿಲ್ಲವೆಂದಲ್ಲ, ಆದರೆ ಅವು ಮಗುವಿನ ತಪ್ಪುಗಳು, ತಿದ್ದಿದರೆ ತಿದ್ದಿಕೊಳ್ಳುವಂಥವು. ತಂತಿಯ ತಪ್ಪನ್ನು ಮಗುವಿನ ತಲೆಗೆ ಕಟ್ಟಿ ಒಂದು ವಿದ್ಯೆಯನ್ನೇ ಬಿಡಿಸಲು ನಾವು ಎಷ್ಟು ಹತ್ತಿರ ಬಂದಿದ್ದೆವೆಂದು ನೆನೆದಾಗ ನನಗೆ ಈಗಲೂ ಭಯವಾಗುತ್ತದೆ. ಆದುದರಿಂದ ಮನೆಯಲ್ಲಿ ಪಿಟೀಲು ಕಲಿಯುವ ಮಕ್ಕಳಿರುವವರಲ್ಲಿ ನನ್ನ ಬಿನ್ನಹವಿಷ್ಟೆ. ಅಂಗಡಿಗೆ ಹೋಗುವ ಮುನ್ನ ಮಗುವಿನಿಂದ ಒಂದು ಹಾಡು ಹೇಳಿಸಿ, ಅದರ ಕಂಠದ ಶ್ರುತಿಯನ್ನು ಬಲ್ಲವರಿಂದ ತಿಳಿದುಕೊಳ್ಳಿ; ಪಿಟೀಲಿನ ಅಳತೆಯನ್ನು ಗುರುತುಮಾಡಿಕೊಳ್ಳಿ; ಯಾವ ತಂತಿ ಕೆಟ್ಟಿದೆಯೋ ಅದನ್ನು ಮಾತ್ರ, ಮಧ್ಯಮ ಬೆಲೆಯದನ್ನು ಕೊಳ್ಳಿ. ಬುಗುರಿ ಇನ್ನೂ ಪಿಟೀಲಿನ ಪೆಟ್ಟಿಗೆಯಲ್ಲಿಯೇ ಇದೆ. ಪಾಠಕ್ಕೆ ಕೂಡುವ ಮುನ್ನ ಮೊಮ್ಮಗಳು ಅದನ್ನೊಮ್ಮೆ ನೆಲದ ಮೇಲೆ ಆಡಿಸಿ, ಅದು ನೆಟ್ಟಗೆ ನಿಂತು ತಿರುಗುವುದನ್ನು ನೋಡಿ, ಆಮೇಲೆ ಕಮಾನನ್ನು ಕೈಗೆ ತೆಗೆದುಕೊಳ್ಳುತ್ತಾಳೆ.